ಫಾಸ್ಫೇಟ್ ಇಲ್ಲದ ಡಿಟರ್ಜೆಂಟ್ ಬಳಸಿದರೆ ಕೆರೆಯ ನೊರೆ ನಿಲ್ಲುತ್ತದೆಯೇ?

ಪ್ರಶ್ನೆ: ಪೂರ್ವ ಬೆಂಗಳೂರಿನ ನಿವಾಸಿ

ಮಾನ್ಯರೇ,

ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಿಗೆ ಸಮೀಪದಲ್ಲಿರುವ, ಇನ್ನೂರಕ್ಕೂ ಹೆಚ್ಚು ಮನೆಗಳ ವಸತಿ ಸಮುಚ್ಚಯವೊಂದರಲ್ಲಿ ನಾವು ವಾಸವಾಗಿದ್ದೇವೆ. ನಮ್ಮ ನಿವಾಸಿಗಳ ಸಂಘದ ಮುಂದೆ ಈಗ ಒಂದು ಪ್ರಸ್ತಾವ ಬಂದಿದೆ. ಬಟ್ಟೆ ಒಗೆಯಲು ಸದ್ಯ ಬಳಸುತ್ತಿರುವ ಪುಡಿಗಳನ್ನು ಬಿಟ್ಟು, ಫಾಸ್ಫೇಟ್‌ರಹಿತ ಮತ್ತು ಸಸ್ಯಮೂಲದ್ದು ಎಂದು ಬರೆದಿರುವ ಒಂದು ದ್ರವ ಡಿಟರ್ಜೆಂಟನ್ನು ಸಂಘವೇ ಸಗಟಾಗಿ ಕೊಂಡು ಎಲ್ಲ ಮನೆಗಳಿಗೂ ಹಂಚಬೇಕು ಎಂಬುದು ಅದರ ಸಾರ. ಬೆಲೆ ಈಗಿನ ಪುಡಿಯ ಸುಮಾರು ಮೂರು ಪಟ್ಟು.

ಪ್ರಸ್ತಾವ ಮಂಡಿಸಿದವರ ವಾದ ಸರಳವಾಗಿದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಹೊತ್ತಿ ಉರಿದದ್ದು, 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಕೆರೆಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ಆ ನೊರೆಗೆ ಡಿಟರ್ಜೆಂಟಿನ ಫಾಸ್ಫೇಟೇ ಕಾರಣ, ಆದ್ದರಿಂದ ಫಾಸ್ಫೇಟ್ ಬಿಟ್ಟರೆ ನಮ್ಮ ಪಾಲಿನ ಹೊಣೆ ತೀರುತ್ತದೆ ಎಂದು ಅವರು ಹೇಳುತ್ತಾರೆ. ನನಗೆ ಇದರಲ್ಲಿ ಎರಡು ಸಂದೇಹಗಳಿವೆ. ಮೊದಲನೆಯದು, ನೊರೆಗೂ ಫಾಸ್ಫೇಟಿಗೂ ಇರುವ ಸಂಬಂಧ ನಿಜವಾಗಿಯೂ ಅಷ್ಟು ನೇರವೇ ಎಂಬುದು. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿದೆ: ನಮ್ಮ ಸುತ್ತಲೇ ವರ್ಷವರ್ಷವೂ ಹೊಸ ಕಟ್ಟಡಗಳು ಏಳುತ್ತಿರುವಾಗ, ಪ್ರತಿ ಮನೆಯ ಹೊರೆಯನ್ನು ಒಂದಿಷ್ಟು ತಗ್ಗಿಸಿದ ಮಾತ್ರಕ್ಕೆ ಕೆರೆಗೆ ಸೇರುವ ಒಟ್ಟು ಹೊರೆ ತಗ್ಗುವುದೇ? ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು. ಯಾವ ಬ್ರಾಂಡ್ ಒಳ್ಳೆಯದು ಎಂಬ ಶಿಫಾರಸು ಬೇಡ. ಯಾವುದನ್ನು ಪರಿಗಣಿಸಬೇಕು ಎಂಬುದು ತಿಳಿದರೆ ಸಾಕು.

ಉತ್ತರ 1: ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ

ತಮ್ಮ ಮೊದಲ ಸಂದೇಹ ಸರಿಯಾಗಿದೆ. ಫಾಸ್ಫೇಟಿನಿಂದ ನೊರೆ ಹುಟ್ಟುವುದಿಲ್ಲ. ಪತ್ರಿಕೆಗಳು ಈ ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದು ಬರೆದು, ಅವು ಒಂದೇ ಎಂಬ ಭಾವನೆ ಬೇರೂರಿಬಿಟ್ಟಿದೆ.

ಒಗೆಯುವ ಪುಡಿಯಲ್ಲಿ ಕೊಳೆ ಬಿಡಿಸುವ ಮುಖ್ಯ ಕೆಲಸ ಮಾಡುವುದು ಸರ್ಫ್ಯಾಕ್ಟೆಂಟ್. ನಮ್ಮ ದೇಶದ ಪುಡಿಗಳಲ್ಲಿ ಅದು ಬಹುಮಟ್ಟಿಗೆ ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್, ಅಂದರೆ ಎಲ್‌ಎಎಸ್. ಕಚ್ಚಾತೈಲದಿಂದ ದೊರೆಯುವ ಪ್ಯಾರಾಫಿನ್ ಮತ್ತು ಬೆಂಜೀನ್‌ಗಳಿಂದ ತಯಾರಾಗುವಂಥದು. ನೊರೆ ಏಳುವುದು ಇದರಿಂದ. ಫಾಸ್ಫೇಟ್, ಅದರಲ್ಲೂ ಸೋಡಿಯಂ ಟ್ರೈಪಾಲಿಫಾಸ್ಫೇಟ್, ಸೇರಿಸುವುದು ಬೇರೆಯೇ ಕಾರಣಕ್ಕೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸರ್ಫ್ಯಾಕ್ಟೆಂಟನ್ನು ಕೆಲಸ ಮಾಡಗೊಡುವುದಿಲ್ಲ. ಫಾಸ್ಫೇಟ್ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಕೆಲಸವನ್ನು ಜಿಯೋಲೈಟ್ ಮತ್ತು ಸೋಡಾ ಬೂದಿಯೂ ಬೇರೆಬೇರೆ ಮಟ್ಟದಲ್ಲಿ ಮಾಡಬಲ್ಲವು.

ಕೆರೆಯಲ್ಲಿ ಫಾಸ್ಫೇಟ್ ಮಾಡುವ ಹಾನಿ ನೊರೆಗಿಂತ ನಿಧಾನವಾದದ್ದು. ಅದು ಪಾಚಿಗೂ ಜಲಕಳೆಗೂ ಗೊಬ್ಬರ. ಕಳೆ ಹಬ್ಬಿ, ಸತ್ತು ಕೊಳೆತಾಗ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ. ಆಮ್ಲಜನಕವಿಲ್ಲದಿದ್ದರೆ ಎಲ್‌ಎಎಸ್ ಒಡೆದುಹಾಕುವ ಬ್ಯಾಕ್ಟೀರಿಯಾಗಳು ಕೆಲಸ ಮಾಡಲಾರವು. ಹೀಗೆ ಪರೋಕ್ಷವಾಗಿ ಫಾಸ್ಫೇಟ್ ನೊರೆಯ ಆಯಸ್ಸನ್ನು ಹೆಚ್ಚಿಸುತ್ತದೆ ಎನ್ನಬಹುದು, ಅಷ್ಟೇ. ಬೆಳ್ಳಂದೂರಿನ ನೊರೆಯನ್ನು ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಡುಕೊಂಡದ್ದೂ ಸರ್ಫ್ಯಾಕ್ಟೆಂಟಿನ ಕತೆಯನ್ನೇ: ಕೊಳಚೆಯೊಂದಿಗೆ ಬಂದ ಸರ್ಫ್ಯಾಕ್ಟೆಂಟ್ ವಿಘಟನೆಯಾಗದೆ ಕೆಸರಿಗೆ ಅಂಟಿಕೊಂಡು ತಳದಲ್ಲಿ ಶೇಖರವಾಗುತ್ತದೆ, ಜೋರು ಮಳೆ ಬಂದಾಗ ಆ ಕೆಸರು ಕದಡಿ ಒಮ್ಮೆಲೇ ನೀರಿಗೆ ಬಿಡುಗಡೆಯಾಗುತ್ತದೆ, ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಸೇರಿ ನೊರೆ ಗುಡ್ಡೆಯಾಗುತ್ತದೆ. ಬೇಸಿಗೆ ಕಳೆದು ಮೊದಲ ಮಳೆಗಳಲ್ಲೇ ನೊರೆ ಅತಿಯಾಗುವುದಕ್ಕೆ ಕಾರಣ ಇದು.

ಹಾಗಾದರೆ ಫಾಸ್ಫೇಟ್ ಬಿಡುವುದು ವ್ಯರ್ಥವೇ? ಅಲ್ಲ. ಒಂದು ಸ್ಥೂಲ ಲೆಕ್ಕ ಹಾಕೋಣ. ಮನುಷ್ಯನೊಬ್ಬನ ಮಲಮೂತ್ರದಲ್ಲಿ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ರಂಜಕ (ಫಾಸ್ಫೇಟಿನ ಮೂಲಧಾತು) ಹೋಗುತ್ತದೆ. ನಾಲ್ವರ ಕುಟುಂಬಕ್ಕೆ ತಿಂಗಳಿಗೆ 180 ಗ್ರಾಂ. ಆ ಕುಟುಂಬ ತಿಂಗಳಿಗೆ 3 ಕೆ.ಜಿ. ಪುಡಿ ಬಳಸುತ್ತದೆ, ಅದರಲ್ಲಿ ಶೇ. 10ರಷ್ಟು ಟ್ರೈಪಾಲಿಫಾಸ್ಫೇಟ್ ಇದೆ ಎಂದು ಭಾವಿಸಿದರೆ, ಆ ಲವಣದ ಕಾಲುಭಾಗ ರಂಜಕವಾದ್ದರಿಂದ, ಡಿಟರ್ಜೆಂಟಿನ ಪಾಲು ಸುಮಾರು 75 ಗ್ರಾಂ. ಒಟ್ಟಿನಲ್ಲಿ ಸುಮಾರು ಶೇ. 30. ಇದನ್ನು ತೆಗೆದುಹಾಕುವುದು ಸಣ್ಣ ಸಾಧನೆಯಲ್ಲ, ಆದರೆ ಉಳಿದ ಶೇ. 70 ಯಾವ ಬ್ರಾಂಡ್ ಬದಲಿಸಿದರೂ ಹೋಗುವಂಥದಲ್ಲ.

ಇನ್ನು ಬೆಲೆಯ ಮಾತು. ದುಬಾರಿ ಎಂದರೆ ಫಾಸ್ಫೇಟ್ ಇಲ್ಲ, ಅಗ್ಗ ಎಂದರೆ ಇದೆ ಎಂದು ತಿಳಿಯಬೇಡಿ. ಫಾಸ್ಫೇಟ್ ದುಬಾರಿ ಪದಾರ್ಥ. 1969ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ನಿರ್ಮಾದಂಥ ಅಗ್ಗದ ಪುಡಿಗಳು ಸೋಡಾ ಬೂದಿಯನ್ನೇ ಹೆಚ್ಚಾಗಿ ನೆಚ್ಚಿಕೊಂಡು ಬೆಳೆದವು. ದ್ರವ ಡಿಟರ್ಜೆಂಟುಗಳಲ್ಲಿ ಕೂಡ ಟ್ರೈಪಾಲಿಫಾಸ್ಫೇಟನ್ನು ಸಾಮಾನ್ಯವಾಗಿ ಹಾಕುವುದಿಲ್ಲ, ಆದ್ದರಿಂದ ದ್ರವದ ಬಾಟಲಿಯ ಮೇಲೆ ಫಾಸ್ಫೇಟ್‌ರಹಿತ ಎಂದು ದೊಡ್ಡಕ್ಷರದಲ್ಲಿ ಬರೆಯುವುದು ಬಾಳೆಹಣ್ಣಿನಲ್ಲಿ ಬೀಜವಿಲ್ಲ ಎಂದು ಹೊಗಳಿಕೊಂಡ ಹಾಗೆ.

ಉತ್ತರ 2: ಶಿರಸಿಯ ಓದುಗಿ

ನಮ್ಮ ಕಡೆ ರೇಷ್ಮೆ ಸೀರೆಗೂ ಉಣ್ಣೆಯ ಬಟ್ಟೆಗೂ ಅಂಟುವಾಳವನ್ನು ಈಗಲೂ ಬಳಸುವವರಿದ್ದಾರೆ. ಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಆಯಿತು. ಮಳೆಗಾಲದಲ್ಲಿ ಹಂಚಿನಿಂದ ಇಳಿಯುವ ನೀರು ಹಿಡಿದು ಒಗೆದರೆ ಅರ್ಧದಷ್ಟು ಕಾಯಿ ಸಾಕಾಗುತ್ತದೆ ಎಂಬುದು ಹಿರಿಯರ ಅನುಭವ. ದುಬಾರಿ ಬಾಟಲಿಗೆ ಬದಲು ಇದನ್ನು ನಿಮ್ಮ ಸಂಘ ಯೋಚಿಸಬಾರದೇಕೆ?

ಉತ್ತರ 3: ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ

ತಾಯೀ, ಮಳೆನೀರಿನ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ಮೃದು ನೀರಾದ್ದರಿಂದ ಯಾವ ಸಾಬೂನಾದರೂ ಕಡಿಮೆ ಸಾಕು. ಅಂಟುವಾಳದ ವಿಚಾರದಲ್ಲಿ ಮಾತ್ರ ಎರಡು ಎಚ್ಚರಿಕೆಗಳು. ಅದರಲ್ಲಿರುವ ಸ್ಯಾಪೋನಿನ್ ಕೂಡ ಸರ್ಫ್ಯಾಕ್ಟೆಂಟೇ, ಅದೂ ನೊರೆ ಕೊಡುತ್ತದೆ, ಮತ್ತು ಮೀನುಗಳಿಗೆ ಅದು ವಿಷ. ಸಸ್ಯಮೂಲದ್ದು ಎಂಬ ಒಂದೇ ಕಾರಣಕ್ಕೆ ಕೆರೆಗೆ ನಿರುಪದ್ರವಿ ಎನ್ನಲಾಗದು. ಎರಡನೆಯದಾಗಿ, ಶಿರಸಿಯ ಒಂದು ಮನೆಗೆ ಹಿತ್ತಿಲಿನ ಮರ ಸಾಕು. ಕೋಟಿ ದಾಟಿದ ಜನರಿರುವ ನಗರಕ್ಕೆ ಬೇಕಾದಷ್ಟು ಕಾಯಿ ಎಲ್ಲಿಂದ ತರುವುದು, ಅದಕ್ಕಾಗಿ ಯಾವ ಕಾಡು ಬರಿದಾಗಬೇಕು ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ. ತಾಳೆ ಎಣ್ಣೆಯಿಂದ ಮಾಡಿದ ಸಸ್ಯಮೂಲದ ಸರ್ಫ್ಯಾಕ್ಟೆಂಟುಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಆಗ್ನೇಯ ಏಷ್ಯಾದ ಎಷ್ಟೋ ಮಳೆಕಾಡು ತಾಳೆ ತೋಟವಾಗಿ ಮಾರ್ಪಟ್ಟಿದೆ.

ಉತ್ತರ 4: ಎಸ್‌ಟಿಪಿ ನೋಡಿಕೊಳ್ಳುವ ಇಂಜಿನಿಯರ್

ವಸತಿ ಸಮುಚ್ಚಯಗಳ ಕೊಳಚೆ ನೀರಿನ ಶುದ್ಧೀಕರಣ ಘಟಕಗಳನ್ನು (ಎಸ್‌ಟಿಪಿ) ನಡೆಸುವುದೇ ನನ್ನ ವೃತ್ತಿಯಾದ್ದರಿಂದ, ಮೇಷ್ಟ್ರು ಬಿಟ್ಟ ಕಡೆಯಿಂದ ಮುಂದುವರಿಸುತ್ತೇನೆ.

ಎಲ್‌ಎಎಸ್ ಗಾಳಿಯ ಸಂಪರ್ಕದಲ್ಲಿ ಬ್ಯಾಕ್ಟೀರಿಯಾಗಳಿಂದ ಚೆನ್ನಾಗಿ ವಿಘಟನೆಯಾಗುವ ವಸ್ತು. ಸರಿಯಾಗಿ ನಡೆಯುವ ಎಸ್‌ಟಿಪಿಯ ಏರೇಷನ್ ಟ್ಯಾಂಕಿನಲ್ಲಿ ಅದರ ಶೇ. 95ಕ್ಕಿಂತ ಹೆಚ್ಚು ಭಾಗ ಹೋಗಿಬಿಡುತ್ತದೆ. ಆದರೆ ಗಾಳಿ ನಿಂತರೆ ಈ ಕೆಲಸವೂ ನಿಲ್ಲುತ್ತದೆ. ಎಷ್ಟೋ ಕಡೆ ವಿದ್ಯುತ್ ಬಿಲ್ ಉಳಿಸಲು ಟ್ಯಾಂಕಿಗೆ ಗಾಳಿ ಊದುವ ಬ್ಲೋವರನ್ನು ರಾತ್ರಿಯಿಡೀ ಆರಿಸುತ್ತಾರೆ. ಬೆಳಿಗ್ಗೆ ಮತ್ತೆ ಹಾಕಿದಾಗ ಟ್ಯಾಂಕಿನಲ್ಲಿ ಬಿಳಿ ನೊರೆ ಉಕ್ಕುತ್ತದೆ. ಆಗ ಒಂದಿಷ್ಟು ಆಂಟಿಫೋಮ್ ಸುರಿದು ನೊರೆ ಇಳಿಸುತ್ತಾರೆ. ಕಣ್ಣಿಗೆ ನೊರೆ ಕಾಣದಿದ್ದರೂ ವಿಘಟನೆಯಾಗದ ಸರ್ಫ್ಯಾಕ್ಟೆಂಟ್ ಹಾಗೆಯೇ ಮೋರಿಗೆ ಹೋಗುತ್ತಿರುತ್ತದೆ. ಮೂರು ಪಟ್ಟು ಬೆಲೆಯ ದ್ರವಕ್ಕೆ ಸಂಘ ಪ್ರತಿ ತಿಂಗಳು ಖರ್ಚು ಮಾಡಲಿರುವ ಹೆಚ್ಚುವರಿ ಹಣದ ಒಂದು ಪಾಲನ್ನು ಬ್ಲೋವರಿನ ವಿದ್ಯುತ್ತಿಗೂ ಮುಚ್ಚಿಹೋದ ಡಿಫ್ಯೂಸರುಗಳ (ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಭಾಗಗಳ) ಬದಲಾವಣೆಗೂ ಕೊಟ್ಟರೆ, ನೊರೆಯ ಮಟ್ಟಿಗೆ ಅದರ ಫಲ ಹೆಚ್ಚು.

ರಂಜಕದ ಸಂಗತಿ ಇದಕ್ಕೆ ತದ್ವಿರುದ್ಧ. ಸಾಮಾನ್ಯ ಎಸ್‌ಟಿಪಿ ಅದನ್ನು ಹೆಚ್ಚಾಗಿ ತೆಗೆಯುವುದಿಲ್ಲ; ಆಲಂ ಅಥವಾ ಕಬ್ಬಿಣದ ಲವಣ ಹಾಕಿ ಕೆಳಗಿಳಿಸಬೇಕು, ಇಲ್ಲವೇ ಅದಕ್ಕಾಗಿಯೇ ವಿನ್ಯಾಸಗೊಳಿಸಿದ ಜೈವಿಕ ವ್ಯವಸ್ಥೆ ಬೇಕು. ಎರಡೂ ದುಬಾರಿ. ಆದ್ದರಿಂದ ಫಾಸ್ಫೇಟನ್ನು ಪುಡಿಯಲ್ಲೇ ಹಾಕದಿರುವುದು, ನೀರಿಗೆ ಸೇರಿದ ಮೇಲೆ ತೆಗೆಯುವುದಕ್ಕಿಂತ ಅಗ್ಗ. ಸರ್ಫ್ಯಾಕ್ಟೆಂಟಿಗೆ ಮದ್ದು ಮೋರಿಯ ತುದಿಯಲ್ಲಿದೆ, ಫಾಸ್ಫೇಟಿಗೆ ಮದ್ದು ಕಾರ್ಖಾನೆಯಲ್ಲಿದೆ ಎಂಬ ವ್ಯತ್ಯಾಸ ನಿಮ್ಮ ಸಭೆಯಲ್ಲಿ ಸ್ಪಷ್ಟವಾಗಬೇಕು.

ಇನ್ನೊಂದು ಮಾತು: ನಿಮ್ಮ ನೀರು ಎಲ್ಲಿಂದ ಬರುತ್ತದೆ? ನಿಮ್ಮ ಭಾಗದಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿರುವ ಸಮುಚ್ಚಯಗಳು ಬಹಳ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 600ರವರೆಗೆ ಅವಕಾಶವಿದೆ. ಗಡಸು ನೀರಿನಲ್ಲಿ ಯಾವ ಡಿಟರ್ಜೆಂಟನ್ನಾದರೂ ಜನ ಹೆಚ್ಚು ಸುರಿಯುತ್ತಾರೆ, ಸುರಿಯಲೇಬೇಕಾಗುತ್ತದೆ. ನೀರಿನ ಗಡಸುತನ ತಿಳಿಯದೆ ಬ್ರಾಂಡ್ ಆರಿಸುವುದರಲ್ಲಿ ಅರ್ಥವಿಲ್ಲ.

ಉತ್ತರ 5: ಜರ್ಮನಿಯಲ್ಲಿ ನೆಲೆಸಿರುವ ಕನ್ನಡತಿ

ಗೃಹೋಪಯೋಗಿ ಉತ್ಪನ್ನಗಳ ವಿನ್ಯಾಸ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವಳಾಗಿ, ಪ್ರಶ್ನೆ ಕೇಳಿದವರ ಎರಡನೆಯ ಸಂದೇಹದ ಬಗ್ಗೆ ಬರೆಯುತ್ತಿದ್ದೇನೆ. ಅದೇ ನಿಜವಾಗಿ ಕಠಿಣವಾದ ಪ್ರಶ್ನೆ.

ಕಂಪನಿಗಳು ತಮ್ಮ ಉತ್ಪನ್ನದ ಪರಿಸರ ಹೊರೆಯನ್ನು ಸಾಮಾನ್ಯವಾಗಿ ಒಂದು ಒಗೆತಕ್ಕೆ ಇಷ್ಟು ಅಥವಾ ಒಂದು ಬಳಕೆಗೆ ಇಷ್ಟು ಎಂದು ಅಳೆಯುತ್ತವೆ. ಕೆರೆಯಾಗಲಿ ವಾತಾವರಣವಾಗಲಿ ಒಗೆತಗಳ ಸಂಖ್ಯೆಯನ್ನು ಬಿಟ್ಟು ಲೆಕ್ಕ ಹಾಕುವುದಿಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 65 ಲಕ್ಷವಿದ್ದದ್ದು 2011ರಲ್ಲಿ ಸುಮಾರು 96 ಲಕ್ಷವಾಯಿತು, ಅಂದರೆ ಶೇ. 47ರ ಏರಿಕೆ. ಆ ಹತ್ತು ವರ್ಷಗಳಲ್ಲಿ ಪ್ರತಿಯೊಬ್ಬರ ಡಿಟರ್ಜೆಂಟ್ ಹೊರೆಯನ್ನು ಶೇ. 30ರಷ್ಟು ಇಳಿಸಿದ್ದರೂ, 0.70 ಗುಣಿಸು 1.47 ಎಂದರೆ 1.03, ಒಟ್ಟು ಹೊರೆ ಇಳಿಯುವ ಬದಲು ಶೇ. 3ರಷ್ಟು ಏರಿಯೇ ಇರುತ್ತಿತ್ತು. ಇಷ್ಟರಲ್ಲಿ ವಾಷಿಂಗ್ ಮೆಷಿನ್ ಬಂದ ಮೇಲೆ ಒಮ್ಮೆ ಉಟ್ಟ ಬಟ್ಟೆಯನ್ನೂ ಒಗೆಗೆ ಹಾಕುವ ಅಭ್ಯಾಸವನ್ನು ನಾನು ಸೇರಿಸಿಲ್ಲ.

ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿದ ಉದಾಹರಣೆಯೂ ಇದೆ. ಸಾಬೂನು, ಡಿಟರ್ಜೆಂಟ್ ತಯಾರಿಸುವ ಯೂನಿಲಿವರ್ ಕಂಪನಿ 2010ರಲ್ಲಿ, ವ್ಯವಹಾರವನ್ನು ಇಮ್ಮಡಿ ಮಾಡುತ್ತಲೇ ಉತ್ಪನ್ನಗಳ ಪರಿಸರ ಹೊರೆಯನ್ನು ಅರ್ಧಕ್ಕೆ ಇಳಿಸುವುದಾಗಿ ಘೋಷಿಸಿ 2020ರ ಗಡುವು ಹಾಕಿಕೊಂಡಿತು. ತನ್ನ ಕಾರ್ಖಾನೆಗಳ ಒಳಗೆ ಅದು ಗಣನೀಯವಾಗಿಯೇ ಸಾಧಿಸಿತು. ಆದರೆ ಅದರ ಉತ್ಪನ್ನಗಳ ಹಸಿರುಮನೆ ಅನಿಲದ ಹೊರೆಯಲ್ಲಿ ಬಹುಪಾಲು ಕಾರ್ಖಾನೆಯಲ್ಲಿ ಹುಟ್ಟುವುದೇ ಇಲ್ಲ. ಗ್ರಾಹಕರ ಮನೆಯಲ್ಲಿ ಸ್ನಾನಕ್ಕೂ ಒಗೆತಕ್ಕೂ ನೀರು ಕಾಯಿಸುವಾಗ ಹುಟ್ಟುತ್ತದೆ. ಆ ಭಾಗದಲ್ಲಿ ಗುರಿ ತಲುಪಲಾಗದೆ ಗಡುವನ್ನು 2030ಕ್ಕೆ ಮುಂದೂಡಬೇಕಾಯಿತು. ಗಮನಿಸಿ, ಆ ಗುರಿಯನ್ನೂ ಅಳೆದದ್ದು ಒಂದು ಬಳಕೆಯ ಲೆಕ್ಕದಲ್ಲೇ.

ಈ ಬಿಸಿನೀರಿನ ವಿಚಾರದಲ್ಲಿ ನಮ್ಮ ಊರಿನ ಅಭ್ಯಾಸ ಯೂರೋಪಿಗಿಂತ ಮೇಲು. 15 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು; ತಣ್ಣೀರಿನಲ್ಲಿ ಒಗೆಯುವ ಮನೆಗೆ ಆ ಖರ್ಚೇ ಇಲ್ಲ. ಆದರೆ ಈಚೆಗೆ ಜನಪ್ರಿಯವಾಗುತ್ತಿರುವ ಮುಂಬಾಗಿಲಿನ ಮೆಷಿನ್ನುಗಳಲ್ಲಿ 40 ಡಿಗ್ರಿ ಎಂಬುದು ಮೊದಲೇ ನಿಗದಿಯಾಗಿರುತ್ತದೆ, ಬಹಳ ಜನ ಅದನ್ನು ಬದಲಿಸುವುದೇ ಇಲ್ಲ. ಕಿಣ್ವವಿರುವ ಡಿಟರ್ಜೆಂಟುಗಳು ತಣ್ಣೀರಿನಲ್ಲೇ ಬೆವರು, ಆಹಾರದ ಕಲೆಗಳನ್ನು ಬಿಡಿಸಬಲ್ಲವು. ಈ ಒಂದು ಗುಂಡಿಯ ಬಗ್ಗೆ ನಿಮ್ಮ ಸಂಘ ಒಂದು ಸೂಚನಾಪತ್ರ ಅಂಟಿಸಿದರೂ ಸಾಕು.

ಇಂಜಿನಿಯರ್ ಅವರು ಹೇಳಿದ ಗಡಸುತನದ ಮಾತಿಗೆ ಪೂರಕವಾಗಿ ಒಂದು ಸಂಗತಿ. ಇಲ್ಲಿ ಡಿಟರ್ಜೆಂಟಿನ ಪೊಟ್ಟಣದ ಮೇಲೆ ಮೃದು, ಮಧ್ಯಮ, ಗಡಸು ನೀರಿಗೆ ತಲಾ ಎಷ್ಟು ಪ್ರಮಾಣ ಹಾಕಬೇಕು ಎಂದು ಮುದ್ರಿಸುವುದು ಯೂರೋಪಿನ ಕಾನೂನಿನ ಪ್ರಕಾರ ಕಡ್ಡಾಯ. ಊರಿಗೆ ಬಂದಾಗಲೆಲ್ಲ ನಾನು ನೋಡುವ ಪೊಟ್ಟಣಗಳಲ್ಲಿ ಇಷ್ಟು ಬಕೆಟ್ಟಿಗೆ ಇಷ್ಟು ಚಮಚ ಎಂಬುದಕ್ಕಿಂತ ಹೆಚ್ಚಿನ ವಿವರ ಸಿಗುವುದು ಅಪರೂಪ.

ಉತ್ತರ 6: ಕೋಲಾರದ ರೈತ

ತಾವೆಲ್ಲ ಬೆಳ್ಳಂದೂರಿನಲ್ಲೇ ನಿಂತುಬಿಟ್ಟಿರಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಂದ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಶುರುವಾದ ಸ್ವಲ್ಪ ದಿನಗಳಲ್ಲೇ ಇಲ್ಲಿಯೂ ನೊರೆ ಕಾಣಿಸಿ, ಪ್ರಕರಣ ಹೈಕೋರ್ಟಿಗೆ ಹೋಯಿತು. ನೀರು ಬಂದದ್ದರಿಂದ ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಅದು. ಉಳಿದ ರಂಜಕದಂಥವನ್ನೂ ತೆಗೆಯುವ ಮೂರನೆಯ ಹಂತವೂ ಬೇಕೆಂದು ನಾವು ಕೇಳುತ್ತಲೇ ಬಂದಿದ್ದೇವೆ. ನಿಮ್ಮ ಮನೆಗಳಲ್ಲಿ ಚಮಚದಿಂದ ಬಿದ್ದದ್ದರ ಉಳಿಕೆ ನಮ್ಮ ಟೊಮೆಟೊ ಹೊಲದ ನೆಲಕ್ಕೆ ಇಂಗುತ್ತದೆ.

ಇನ್ನೂರು ಮನೆಯವರು ತಮ್ಮ ಜೇಬಿನಿಂದ ಮೂರು ಪಟ್ಟು ಕೊಟ್ಟು ಒಳ್ಳೆಯದನ್ನು ಕೊಳ್ಳುವುದು ಅವರ ಸಜ್ಜನಿಕೆ. ಆದರೆ ಅಷ್ಟು ಕೊಡಲಾರದವರೇ ನಗರದಲ್ಲಿ ಹೆಚ್ಚು, ಅವರ ಮನೆಯ ನೀರೂ ಇದೇ ಕಾಲುವೆಗೆ ಬರುತ್ತದೆ. ಅಂಗಡಿಯಲ್ಲಿ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಇಟ್ಟು, ಆರಿಸುವ ಭಾರವನ್ನು ಕೊಳ್ಳುವವರ ಮೇಲೆ ಹೊರಿಸುವ ಬದಲು, ಕೆಟ್ಟದ್ದನ್ನು ತಯಾರಿಸುವುದನ್ನೇ ನಿಲ್ಲಿಸಲಾಗದೇ ಎಂಬುದು ನನ್ನ ಪ್ರಶ್ನೆ.

ಉತ್ತರ 7: ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ

ಕೋಲಾರದ ಸ್ನೇಹಿತರು ಕೇಳಿದ್ದು ಆಗದ ಕೆಲಸವೇನಲ್ಲ, ಆಗಿಹೋದ ಕೆಲಸ. 1950ರ ದಶಕದಲ್ಲಿ ಬಳಕೆಯಲ್ಲಿದ್ದ ಸರ್ಫ್ಯಾಕ್ಟೆಂಟಿನ ಅಣುವಿಗೆ ಕವಲುಗಳಿದ್ದವು. ಬ್ಯಾಕ್ಟೀರಿಯಾಗಳಿಗೆ ಅದನ್ನು ಒಡೆಯುವುದು ಬಹಳ ಕಷ್ಟವಾಗುತ್ತಿತ್ತು. ಯೂರೋಪ್ ಮತ್ತು ಅಮೆರಿಕದ ನದಿಗಳ ಮೇಲೆ ಆಗ ಎದ್ದ ನೊರೆ ನಮ್ಮ ಬೆಳ್ಳಂದೂರಿಗೆ ಕಡಿಮೆಯಿರಲಿಲ್ಲ. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿ 1964ರಿಂದ ಜಾರಿಗೆ ತಂದಿತು. ಅಮೆರಿಕದ ತಯಾರಕರು 1965ರ ಹೊತ್ತಿಗೆ ಕವಲಿಲ್ಲದ ಎಲ್‌ಎಎಸ್‌ಗೆ ಬದಲಾದರು. ಯಾವ ಗೃಹಿಣಿಯೂ ಅಂಗಡಿಯಲ್ಲಿ ಅಣುವಿನ ಕವಲುಗಳನ್ನು ಎಣಿಸಿ ಕೊಂಡದ್ದಲ್ಲ. ಫಾಸ್ಫೇಟಿನ ವಿಚಾರದಲ್ಲೂ ಯೂರೋಪ್ ಒಕ್ಕೂಟ 2013ರ ಜೂನ್ 30ರಿಂದ ಮನೆಬಳಕೆಯ ಬಟ್ಟೆ ಡಿಟರ್ಜೆಂಟಿನ ಒಂದು ಒಗೆತದ ಪ್ರಮಾಣದಲ್ಲಿ ರಂಜಕ ಅರ್ಧ ಗ್ರಾಂ ಮೀರಬಾರದೆಂದು ಮಿತಿ ಹಾಕಿತು.

ನಮ್ಮಲ್ಲಿ 1991ರಲ್ಲೇ ಪರಿಸರಸ್ನೇಹಿ ಉತ್ಪನ್ನಗಳನ್ನು ಗುರುತಿಸುವ, ಮಣ್ಣಿನ ಮಡಕೆಯ ಚಿಹ್ನೆಯ ಇಕೋಮಾರ್ಕ್ ಯೋಜನೆ ಬಂತು. ಸಾಬೂನು, ಡಿಟರ್ಜೆಂಟುಗಳೂ ಅದರ ವ್ಯಾಪ್ತಿಯಲ್ಲಿದ್ದವು. ಐಚ್ಛಿಕವಾದ್ದರಿಂದ ತಯಾರಕರು ಅದರ ಕಡೆ ತಿರುಗಿ ನೋಡಿದ್ದೇ ಕಡಿಮೆ. ಆ ಮಡಕೆಯನ್ನು ಪೊಟ್ಟಣದ ಮೇಲೆ ಕಂಡ ನೆನಪಿರುವವರು ಈ ಚರ್ಚೆಯಲ್ಲಿ ಯಾರಾದರೂ ಇದ್ದಾರೆಯೇ? 2024ರಲ್ಲಿ ಹೊಸ ಇಕೋಮಾರ್ಕ್ ನಿಯಮಗಳು ಬಂದಿವೆ, ಅವೂ ಐಚ್ಛಿಕವೇ. ಜರ್ಮನಿಯ ಸಹೋದರಿ ಹಾಕಿದ ಲೆಕ್ಕವನ್ನು ಇದಕ್ಕೆ ಹೊಂದಿಸಿ ನೋಡಿದರೆ, ಜನಸಂಖ್ಯೆ ಏರುವ ವೇಗಕ್ಕೆ ಐಚ್ಛಿಕ ಬದಲಾವಣೆ ಎಂದೂ ಸರಿಗಟ್ಟಲಾರದು ಎಂಬುದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ: ಪೂರ್ವ ಬೆಂಗಳೂರಿನ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ದ್ರವವನ್ನು ಸಗಟಾಗಿ ಕೊಳ್ಳುವ ಪ್ರಸ್ತಾವವನ್ನು ಸದ್ಯಕ್ಕೆ ಬದಿಗಿಟ್ಟು, ಎಸ್‌ಟಿಪಿಯ ಬ್ಲೋವರ್ ಎಷ್ಟು ಗಂಟೆ ನಡೆಯುತ್ತಿದೆ ಎಂಬ ದಾಖಲೆಯನ್ನು ಮೊದಲು ಸಭೆಯ ಮುಂದಿಡಿಸುತ್ತೇನೆ. ಇಂಜಿನಿಯರ್ ಅವರಲ್ಲಿ ಒಂದು ವಿನಂತಿ. ನಮ್ಮದು ಹೆಚ್ಚಾಗಿ ಕೊಳವೆಬಾವಿಯ ನೀರು, ಗಡಸು ಎಂಬುದು ಬಕೆಟ್ಟಿನ ಅಂಚಿನ ಬಿಳಿ ಪಟ್ಟೆಯಿಂದಲೇ ತಿಳಿಯುತ್ತದೆ. ಇಡೀ ಸಮುಚ್ಚಯಕ್ಕೆ ಒಂದು ಸಾಫ್ಟ್‌ನರ್ ಹಾಕಿಸುವುದು ಒಳ್ಳೆಯದೇ?

ಉತ್ತರ 8: ಎಸ್‌ಟಿಪಿ ನೋಡಿಕೊಳ್ಳುವ ಇಂಜಿನಿಯರ್

ಸಾಫ್ಟ್‌ನರ್ ಹಾಕಿದರೆ ಡಿಟರ್ಜೆಂಟ್ ಕಡಿಮೆಯಾಗುತ್ತದೆ, ಆದರೆ ಅದನ್ನು ಪುನಶ್ಚೇತನಗೊಳಿಸಲು ಮೂಟೆಗಟ್ಟಲೆ ಉಪ್ಪು ಬೇಕಾಗುತ್ತದೆ, ಆ ಉಪ್ಪುನೀರು ಕೊನೆಗೆ ಎಸ್‌ಟಿಪಿಗೋ ಮೋರಿಗೋ ಹೋಗುತ್ತದೆ. ಉಪ್ಪನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ. ಶುದ್ಧೀಕರಿಸಿದ ನೀರನ್ನು ನೀವು ತೋಟಕ್ಕೆ ಬಳಸುವವರಾದರೆ ಗಿಡಗಳ ಮೇಲೆ ಅದರ ಪರಿಣಾಮ ಕಾಣುತ್ತದೆ, ಕೋಲಾರದವರೆಗೆ ಹೋದರೆ ಹೊಲದ ಮೇಲೆ. ಆದ್ದರಿಂದ ಎಲ್ಲ ನೀರನ್ನೂ ಮೃದುಗೊಳಿಸಬೇಡಿ. ಫ್ಲಶ್ಶಿಗೂ ನೆಲ ಒರೆಸುವುದಕ್ಕೂ ಮೃದು ನೀರಿನ ಅಗತ್ಯವಿಲ್ಲ.

ಶಿರಸಿಯ ಓದುಗಿ ಹೇಳಿದ ಮಳೆನೀರನ್ನು ಮೊದಲು ನೋಡಿ. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಕೊಯ್ಲು ದೊಡ್ಡ ನಿವೇಶನಗಳಿಗೆ ಕಡ್ಡಾಯ. ನಿಮ್ಮಲ್ಲಿಯೂ ವ್ಯವಸ್ಥೆ ಇರಲೇಬೇಕು. ಬಹಳ ಕಡೆ ಅದು ಇಂಗುಗುಂಡಿಗೆ ಹೋಗುತ್ತದೆ. ಛಾವಣಿಯ ನೀರಿನ ಒಂದು ಭಾಗವನ್ನು ಸೋಸಿ ಸಂಪಿಗೆ ಸೇರಿಸಿದರೆ, ಮಳೆಯ ತಿಂಗಳುಗಳಲ್ಲಿ ಸಂಪಿನ ಗಡಸುತನ ತಾನಾಗಿ ಇಳಿಯುತ್ತದೆ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಡುವೆ ಒಮ್ಮೆ ಸಂಪಿನ ನೀರನ್ನು ಪರೀಕ್ಷೆಗೆ ಕೊಡಿ. ಗಡಸುತನದ ಪರೀಕ್ಷೆ ಅತಿ ಸಾಮಾನ್ಯವಾದದ್ದು, ನೀರು ಪರೀಕ್ಷಿಸುವ ಯಾವ ಪ್ರಯೋಗಾಲಯದಲ್ಲಾದರೂ ಆಗುತ್ತದೆ. ಎರಡು ಅಂಕಿಗಳೂ ಕೈಗೆ ಬಂದ ಮೇಲೆ ಲಿಫ್ಟಿನ ಪಕ್ಕದ ಫಲಕದಲ್ಲಿ ಅವನ್ನು ಬರೆದು, ಈ ತಿಂಗಳು ಒಂದು ಮೆಷಿನ್ನಿಗೆ ಎಷ್ಟು ಪುಡಿ ಸಾಕು ಎಂಬುದನ್ನೂ ಕೆಳಗೆ ನಮೂದಿಸಿ. ಪ್ರಮಾಣ ನಿರ್ಧರಿಸುವುದು ಹೀಗೆ: ಈಗ ಹಾಕುವುದರ ಮುಕ್ಕಾಲು ಭಾಗದಿಂದ ಆರಂಭಿಸಿ, ಬಟ್ಟೆ ಕೊಳೆ ಬಿಡುತ್ತಿರುವವರೆಗೆ ಇಳಿಸುತ್ತ ಹೋಗಿ. ನೊರೆ ಹೆಚ್ಚು ಬಂತೆಂದರೆ ಬಟ್ಟೆ ಹೆಚ್ಚು ಶುಚಿಯಾಯಿತು ಎಂದೇನಿಲ್ಲ. ಮುಂಬಾಗಿಲಿನ ಮೆಷಿನ್ನಿನಲ್ಲಂತೂ ನೊರೆ ಅತಿಯಾದರೆ ಬಟ್ಟೆ ಜಾಲಿಸಲು ಇನ್ನಷ್ಟು ನೀರು ಬೇಕಾಗುತ್ತದೆ.